ಹೂವಿನ ಬಸಿ

ಮೊನ್ನೆ ಕುಕ್ಕರಿನ ರಬ್ಬರು ಹರಿಯಿತು. ಮಗ ಪೇಟೆಯಿಂದ ಹೊಸದು ತರುವುದು ಸಂಜೆಗೆ. ಮಧ್ಯಾಹ್ನದ ಊಟ ಅಲ್ಲಿಯವರೆಗೆ ಕಾಯುವುದಿಲ್ಲವಲ್ಲ. ಅಟ್ಟದ ಮೇಲಿದ್ದ ಹಳೆಯ ತಪ್ಪಲೆ ಇಳಿಸಿ, ನೀರು ಹೆಚ್ಚಿಗೆ ಇಟ್ಟು ಅಕ್ಕಿ ಬೇಯಿಸಿ, ಬಾಯಿಗೆ ಮುಚ್ಚಳ ಒತ್ತಿ ಹಿಡಿದು ಗಂಜಿ ಬಸಿದೆ. ಬಿಸಿ ಗಂಜಿಯ ವಾಸನೆ ಮುಖಕ್ಕೆ ಹೊಡೆದದ್ದೇ ತಡ, ಕೈ ನಡುಗಿತು. ವಯಸ್ಸಾಯಿತು ಅಂದುಕೊಂಡು ಸೊಸೆ ಓಡಿ ಬಂದು ತಪ್ಪಲೆ ಹಿಡಿದುಕೊಂಡಳು. ಆದರೆ ಆ ನಡುಕ ನನ್ನ ಹದಿನಾರನೆಯ ವಯಸ್ಸಿನದು. ಗಂಜಿ ಬಸಿದಾಗಲೆಲ್ಲ ಬರುತ್ತದೆ, ಅದರ ಬೆನ್ನಿಗೇ ಪತ್ತಾರಜ್ಜಿಯೂ ಬರುತ್ತಾಳೆ...

ನಾನು ಸೊರಬದ ಕಡೆಯ ಹಳ್ಳಿಯವಳು. ಮದುವೆಯಾಗಿ ಶಿಕಾರಿಪುರಕ್ಕೆ ಬಂದೆ. ನಯಾಪೈಸೆ ಬಂದ ಹೊಸತು ಅದು. ಗಂಡನ ಮನೆಯವರಿಗೆ ಪೇಟೆಯಲ್ಲಿ ಅಕ್ಕಿ ಬೆಲ್ಲದ ಅಂಗಡಿ. ಮನೆಯಲ್ಲಿ ಅತ್ತೆಯದೇ ಮಾತು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಅಂಗೈಯ ಮೇಲೆ ಲಿಂಗ ಇಟ್ಟು ಪೂಜೆ ಮುಗಿಸುವ ತನಕ ಅವರು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಪೂಜೆ ಮುಗಿದ ಮೇಲೆ ಮಾತ್ರ ಅವರ ಬಾಯಿಗೆ ಬಿಡುವಿರುತ್ತಿರಲಿಲ್ಲ. ಕೆಟ್ಟವರಲ್ಲ. ಆದರೆ ಪದ್ಧತಿ ಅಂದರೆ ಪದ್ಧತಿ. ಒಂದು ಕೂದಲೆಳೆಯಷ್ಟು ಆಚೀಚೆ ಆಗಬಾರದು.

ಆ ಮನೆಯಲ್ಲಿ ಒಂದು ಪಿಂಗಾಣಿ ಇತ್ತು. ಅಗಲ ಬಾಯಿ, ಒಳ್ಳೆಯ ಆಳ, ಒಂದು ಸೇರು ಸಕ್ಕರೆ ಹಿಡಿಯುವಷ್ಟು. ಹಾಲಿನ ಕೆನೆಯ ಬಣ್ಣದ ಮೈ. ಅದರ ಮೇಲೆ ಗುಲಾಬಿ ಬಣ್ಣದ ದೊಡ್ಡ ದೊಡ್ಡ ಹೂ, ತೆಳ್ಳಗಿನ ಕಡ್ಡಿ, ಹಸಿರು ಎಲೆ, ಅಂಚಿನಲ್ಲಿ ಒಂದೇ ಒಂದು ಹಳದಿ ಚಿಟ್ಟೆ. ದಾಸವಾಳ ಅನ್ನುವ ಹಾಗಿಲ್ಲ, ತಾವರೆ ಅನ್ನುವ ಹಾಗೂ ಇಲ್ಲ, ನಮ್ಮ ಕಡೆ ಬಿಡದ ಯಾವುದೋ ಹೂವು. ಬೆರಳಾಡಿಸಿದರೆ ಪ್ರತಿ ಎಸಳೂ ಸ್ವಲ್ಪ ಉಬ್ಬಾಗಿ ಕೈಗೆ ಸಿಗುತ್ತಿತ್ತು. ನಮ್ಮ ಮಾವನವರ ಅಜ್ಜ ಗಾಡಿಯಲ್ಲಿ ಅಕ್ಕಿ ಹೇರಿಕೊಂಡು ಘಟ್ಟ ಇಳಿದು ಕುಮಟೆಗೆ ಹೋಗುತ್ತಿದ್ದರಂತೆ. ಚೀನಾ ದೇಶದಿಂದ ಹಡಗಿನಲ್ಲಿ ಮುಂಬಯಿಗೆ ಬಂದು, ಅಲ್ಲಿಂದ ಕುಮಟೆಗೆ ಬಂದಿದ್ದ ಅದನ್ನು ಅವರು ಹುಲ್ಲಿನಲ್ಲಿ ಸುತ್ತಿ, ಘಟ್ಟ ಹತ್ತುವಾಗ ಗಾಡಿಯಲ್ಲಿಡದೆ ತೊಡೆಯ ಮೇಲೇ ಇಟ್ಟುಕೊಂಡು ತಂದರಂತೆ. ಅಂದಿನಿಂದ ಆ ಮನೆಯ ಹೆಣ್ಣುಮಕ್ಕಳ ಮದುವೆಯ ಮಾತು ಗಟ್ಟಿಯಾದಾಗ ಎರಡೂ ಕಡೆಯ ಹಿರಿಯರು ಅದರೊಳಗಿನ ಸಕ್ಕರೆಯನ್ನೇ ತೆಗೆದು ಒಬ್ಬರ ಬಾಯಿಗೊಬ್ಬರು ಹಾಕಬೇಕು. ಅದು ಆ ಮನೆಯ ಪದ್ಧತಿ.

ಅತ್ತೆ ಅದನ್ನು ಕೈಗೆತ್ತಿಕೊಂಡಾಗಲೆಲ್ಲ ಉಗುರಿನಿಂದ ಅಂಚಿಗೆ ಒಮ್ಮೆ ಮೀಟುತ್ತಿದ್ದರು. ಪೂಜೆಯ ಗಂಟೆಯಂತೆ ಸಣ್ಣಗೆ ದನಿ ಬರುತ್ತಿತ್ತು. ಆ ದನಿ ಪೂರ್ತಿ ಅಡಗುವ ತನಕ ಕೇಳಿಸಿಕೊಂಡು ಆಮೇಲೆ ಕೆಳಗಿಡುವುದು. ನಾನು ಬಂದ ವಾರವೇ ಇದನ್ನು ನೋಡಿದ್ದೆ. ಹೂವಿಂದು, ಹೂವಿಂದು ಅಂತಲೇ ಅವರು ಅದನ್ನು ಕರೆಯುತ್ತಿದ್ದರು.

ಮೂರನೆಯ ವಾರ, ಒಂದು ಬುಧವಾರ. ಬರುವ ಸೋಮವಾರ ನನ್ನ ನಾದಿನಿಯ ಸಕ್ಕರೆ ಶಾಸ್ತ್ರ. ಶಿರಾಳಕೊಪ್ಪದ ವ್ಯಾಪಾರಸ್ಥರ ಮನೆಯ ಸಂಬಂಧ. ಅತ್ತೆ ಮಗಳನ್ನು ಕರೆದುಕೊಂಡು ಮಠಕ್ಕೆ ಹೊರಟಿದ್ದರು. ಅಲ್ಲಿಯವರೆಗೆ ನನ್ನನ್ನು ಒಲೆಯ ಹತ್ತಿರ ಬಿಟ್ಟಿರಲಿಲ್ಲ. ಹೊಸ ಸೊಸೆ, ಹೂ ಕಟ್ಟು, ಕಾಳು ಆರಿಸು, ಅಷ್ಟೇ. ಅವತ್ತು ಮೊದಲ ಸಲ ಅನ್ನಕ್ಕಿಡುವ ಕೆಲಸ ನನ್ನ ಪಾಲಿಗೆ ಬಂತು. ಅತ್ತೆ ಹೊಸ್ತಿಲು ದಾಟುತ್ತಾ, ತಿರುಗಿ ನೋಡದೆ, ಸೆರಗು ಸರಿ ಮಾಡಿಕೊಳ್ಳುತ್ತಾ ಹೇಳಿದರು:

"ಅನ್ನ ಬೆಂದ ಮ್ಯಾಲೆ ಬಸಿ, ಹೂವಿಂದು, ಮ್ಯಾಲಿನ ಹಲಗಿ ಮ್ಯಾಗ ಐತಿ. ತೊಳದು ಇಡು."

ನನ್ನ ಕಿವಿಗೆ ಬಿದ್ದದ್ದು ಹೀಗೆ: ಅನ್ನ ಬೆಂದ ಮೇಲೆ ಬಸಿ. ಬಸಿಯುವುದಕ್ಕೆ ಹೂವಿನ ಪಾತ್ರೆ ಮೇಲಿನ ಹಲಗೆಯ ಮೇಲಿದೆ. ಆಮೇಲೆ ಅದನ್ನು ತೊಳೆದಿಡು.

ನಮ್ಮೂರಿನಲ್ಲಿ ಗಂಜಿ ಬಸಿಯುವುದು ಮರದ ಮರಿಗೆಗೆ. ಗಂಜಿಗೆ ಹೂವಿನ ಪಾತ್ರೆಯೇ ಅಂತ ಒಂದು ಕ್ಷಣ ಅನಿಸಿತು. ಪೇಟೆಯ ದೊಡ್ಡ ಮನೆ, ಇವರಲ್ಲಿ ಹೀಗಿರಬಹುದು, ಕೇಳಿದರೆ ಹಳ್ಳಿಯವಳು ಅಂತ ನಕ್ಕಾರು ಅಂದುಕೊಂಡು ಸುಮ್ಮನಾದೆ. ಶಿವನ ಹೆಸರು ಹೇಳಿ ಅದನ್ನು ಇಳಿಸಿ, ನೆಲದ ಮೇಲಿಟ್ಟು, ಕುದಿಯುವ ಗಂಜಿ ಸುರಿದೆ.

ಟಣ್ ಅಂತು. ಒಂದೇ ಸಲ. ಅಂಚಿನಿಂದ ಒಂದು ತುಂಡು, ವೀಳ್ಯದೆಲೆಯ ಅರ್ಧದಷ್ಟು, ಬೇರೆಯಾಗಿ ನೆಲದ ಮೇಲೆ ಬಿತ್ತು. ಗಂಜಿ ನೆಲಕ್ಕೆಲ್ಲ ಹರಿಯಿತು. ನನ್ನ ಕಾಲಿಗೆ ಒಂದು ಹನಿಯೂ ಸಿಡಿಯಲಿಲ್ಲ. ಅದನ್ನು ಈಗಲೂ ನೆನೆಯುತ್ತೇನೆ, ಕುದಿಯುವ ಗಂಜಿ, ಬರಿಗಾಲು, ಆದರೂ ಒಂದು ಬೊಬ್ಬೆ ಏಳಲಿಲ್ಲ. ಆದರೆ ಆಗ ಅದರ ಕಡೆ ಗಮನ ಇರಲಿಲ್ಲ. ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು, ಕಾಲ್ಗುಣ. ಹೊಸ ಸೊಸೆ ಮನೆಗೆ ಬಂದ ಮೇಲೆ ಆಕಳು ಕರು ಹಾಕಿದರೆ ಅವಳ ಕಾಲ್ಗುಣ, ಅಂಗಡಿಯ ಮೂಟೆಗೆ ಹುಳ ಬಿದ್ದರೂ ಅವಳ ಕಾಲ್ಗುಣ. ನೂರು ವರ್ಷ ಉಳಿದ ಪಿಂಗಾಣಿ ಮೂರು ವಾರದಲ್ಲಿ ಒಡೆಯಿತು ಅಂದರೆ, ಅದೂ ಮನೆ ಮಗಳ ಸಕ್ಕರೆ ಶಾಸ್ತ್ರಕ್ಕೆ ಐದು ದಿನ ಇರುವಾಗ... ನಮ್ಮೂರಲ್ಲಿ ಇದಕ್ಕಿಂತ ಸಣ್ಣ ಕಾರಣಕ್ಕೆ ತವರಿಗೆ ಬಂದು, ವರ್ಷಗಟ್ಟಲೆ ಕರೆಯುವವರಿಲ್ಲದೆ ಕೂತವಳೊಬ್ಬಳನ್ನು ನಾನು ಕಣ್ಣಾರೆ ಕಂಡಿದ್ದೆ.

ನೆಲ ಒರೆಸಿದೆ. ಎರಡೂ ತುಂಡು ಸೆರಗಿನಲ್ಲಿ ಕಟ್ಟಿಕೊಂಡು ಹಿತ್ತಲಿಗೆ ಹೋಗಿ, ಬಾವಿಯ ಹತ್ತಿರ ಕೂತು ಅಳತೊಡಗಿದೆ.

"ಬಾವಿಗೆ ನೀರು ಕಮ್ಮಿ ಆಗೇತೇನವ್ವ, ನೀ ತುಂಬಸಾಕ ಹತ್ತೀದಿ?"

ಮೋಟು ಗೋಡೆಯ ಆಚೆಯಿಂದ ಒಂದು ತಲೆ. ಅದೇ ಪತ್ತಾರಜ್ಜಿ. ಪತ್ತಾರರು ಅಂದರೆ ಆ ಕಡೆ ಬಂಗಾರ ಬೆಳ್ಳಿಯ ಕೆಲಸದವರು. ಅಜ್ಜಿಯ ಮಗ ಮುಂದಿನ ಕಟ್ಟೆಯಲ್ಲಿ ಕೂತು ಕೆಲಸ ಮಾಡುತ್ತಿದ್ದ. ಗಂಡ ತೀರಿಕೊಂಡು ಮಗ ಕೈಗೆ ಬರುವ ತನಕ ಅಜ್ಜಿಯೇ ಹಿಂದಿನ ಕೋಣೆಯಲ್ಲಿ ಕೆಂಡದ ಮಡಕೆ ಮುಂದಿಟ್ಟುಕೊಂಡು, ಊದುಗೊಳವೆ ಹಿಡಿದು ಮನೆ ನಡೆಸಿದವಳು. ಕೈ ತುಂಬ ಸುಟ್ಟ ಕಲೆ. ಸೀರೆಗೆ ಯಾವಾಗಲೂ ಬಿಳಿಗಾರದ, ಹುಣಸೆ ನೀರಿನ ವಾಸನೆ. ಬಾಯಲ್ಲಿ ಮುಂದಿನ ಎರಡು ಹಲ್ಲು ಮಾತ್ರ. ಆ ಎರಡು ಹಲ್ಲಿನಲ್ಲೇ ಓಣಿಯನ್ನೆಲ್ಲ ಕಚ್ಚುತ್ತಿದ್ದಳು.

ನಾನು ಸೆರಗು ಬಿಚ್ಚಿ ತೋರಿಸಿದೆ.

"ಇದರಾಗ ಯಾಕ ಗಂಜಿ ಸುರುವಿದಿ ತಂಗಿ?"

"ಅತ್ತೆಯೇ ಹೇಳಿ ಹೋದ್ರು ಅಜ್ಜಿ. ಅನ್ನ ಬೆಂದ ಮೇಲೆ ಬಸಿ ಅಂದ್ರು. ಬಸಿದೆ."

ಅಜ್ಜಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಅವಳ ಭುಜ ಅಲುಗಾಡತೊಡಗಿತು. ಅವಳೂ ಅಳುತ್ತಿದ್ದಾಳೆ ಅಂದುಕೊಂಡೆ. ಅವಳು ನಗುತ್ತಿದ್ದಳು. ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

"ಯವ್ವಾ, ನಿಮ್ಮ ಸೊರಬದಾಗ ಬಸಿ ಅಂದ್ರ ಬಸಿಯೋದು. ನಮ್ಮಲ್ಲಿ ಇದಕ್ಕ ಬಸಿ ಅಂತಾರ, ಇದಕ್ಕ, ನಿನ್ನ ಮಡಿಲಾಗ ಬಿದ್ದೈತಲ್ಲ, ಇದರ ಹೆಸರು ಬಸಿ. ಅನ್ನ ಆದ ಮ್ಯಾಲೆ ಇದನ್ನ ತಗಿ ಅಂದಿರಬೇಕು ಅಕಿ. ಚಾ ಕುಡಿಯೂ ಕಪ್ಪು ಬಸಿ ಅಂತ ಕೇಳಿಲ್ಲೇನು?"

ಕೇಳಿರಲಿಲ್ಲ. ನಮ್ಮ ಹಳ್ಳಿಮನೆಯಲ್ಲಿ ಕಪ್ಪೂ ಇರಲಿಲ್ಲ, ಬಸಿಯೂ ಇರಲಿಲ್ಲ. ಕಾಫಿ ಕುಡಿಯುತ್ತಿದ್ದದ್ದು ಹಿತ್ತಾಳೆಯ ಲೋಟದಲ್ಲಿ.

ನಗು ನಿಂತ ಮೇಲೆ ಅಜ್ಜಿ ತುಂಡನ್ನು ಬಿಸಿಲಿಗೆ ಹಿಡಿದು ನೋಡಿದಳು. ಆಗ ಅವಳ ಮುಖವೇ ಬೇರೆ. "ಅಚ್ಚು ಒತ್ತಿದ್ದಲ್ಲ ಇದು. ಕೈಯಾಗ ಬರದದ್ದು. ನೋಡು, ಎರಡು ಎಲಿ ಒಂದೇ ನಮೂನಿ ಇಲ್ಲ. ಗಾಜು ಅರದು, ಬಣ್ಣ ಮಾಡಿ, ಹಚ್ಚಿ ಮತ್ತ ಸುಟ್ಟಾರ. ನಮ್ಮ ಒಡವಿ ಮ್ಯಾಲಿನ ಮೀನಾ ಕೆಲಸದಂಗ." ಆ ಗುಲಾಬಿ ಬಣ್ಣ ಬರಬೇಕಾದರೆ ಅದಕ್ಕೆ ಒಂದಿಷ್ಟು ಬಂಗಾರ ಕರಗಿಸಿ ಹಾಕಬೇಕಂತೆ, ಅವಳ ಮಾವ ಹೇಳುತ್ತಿದ್ದನಂತೆ. "ಬಂಗಾರ ಐತಿ ಅಂದ ಮ್ಯಾಲೆ ಇದು ನಮ್ಮ ಮನಿ ಕೆಲಸ ಆತು," ಅಂದಳು. ಎಷ್ಟು ನಿಜವೋ, ನನಗೆ ಧೈರ್ಯ ಬರಲಿ ಅಂತ ಹೇಳಿದ್ದೋ. ನನಗಂತೂ ಉಸಿರು ಬಂತು.

ಪಿಂಗಾಣಿಗೆ ಎಲ್ಲರೂ ಕೋಳಿತತ್ತಿಯ ಲೋಳೆಯನ್ನು ಸುಣ್ಣದಲ್ಲಿ ಕಲಸಿ ಅಂಟಿಸುತ್ತಾರಂತೆ. "ನಿಮ್ಮನಿ ಸಾಮಾನಿಗೆ ತತ್ತಿ ಮುಟ್ಟಿಸಿದ್ರ ನಿಮ್ಮತ್ತಿ ನನ್ನ ಇದೇ ಬಾವಿಗೆ ತಳ್ತಾಳ," ಅಂದು ನನ್ನ ಕೈಲಿ ನಮ್ಮದೇ ಆಕಳ ಹಾಲು ತರಿಸಿಕೊಂಡಳು. ಹುಳಿ ಹಿಂಡಿ ಒಡೆಸಿ, ನೀರು ಹಿಂಡಿ ತೆಗೆದು, ಉಳಿದ ಗಟ್ಟಿಯನ್ನು ಸುಣ್ಣದ ಜೊತೆ ಕಲ್ಲಿನ ಮೇಲೆ ಅರೆದಳು. ಅದೇ ಅಂಟು. ಅದೊಂದೇ ಸಾಲದು, ಹಿಂದಿನಿಂದ ಎರಡು ಬೆಳ್ಳಿಯ ಕೊಂಡಿ ಹಾಕಬೇಕು ಅಂದಳು. ಬೆಳ್ಳಿ ಎಲ್ಲಿಂದ ತರಲಿ ಅಂತ ನಾನು ಮತ್ತೆ ಮುಖ ಸಣ್ಣದು ಮಾಡಿದೆ. ಅವಳು ಬಗ್ಗಿ ನನ್ನ ಕಾಲುಗೆಜ್ಜೆ ಮುಟ್ಟಿದಳು.

"ಇದರ ಬಾಲದಾಗ ಒಂದು ಎಳಿ ಹೆಚ್ಚಿಗಿ ಐತಿ. ಅಷ್ಟು ಸಾಕು."

"ಕಾಲಿಂದು ಅಜ್ಜಿ. ಸಕ್ಕರೆ ಇಡೋದಕ್ಕೆ..."

"ಬೆಂಕಿಗೆ ಬಿದ್ದ ಮ್ಯಾಲೆ ಬೆಳ್ಳಿಗೆ ಕಾಲೂ ಇಲ್ಲ, ತಲೀನೂ ಇಲ್ಲ. ಕಾಲ್ಗುಣ ಕಾಲ್ಗುಣ ಅಂತ ನಡುಗ್ತೀದಿ. ನಿನ್ನ ಕಾಲಿನ ಬೆಳ್ಳೀನೇ ಹಿಡಕೊಂಡು ನಿಲ್ಲಲಿ."

ಮಠದಿಂದ ಬಂದ ಅತ್ತೆ ಕೇಳಿದರು. "ಹೂವಿಂದು ತೊಳದ್ಯಾ?"

"ತೊಳೆದೆ ಅತ್ತೆ. ಒಣಗೋಕೆ ಇಟ್ಟಿದ್ದೇನೆ."

ಸುಳ್ಳು ಹೇಳಿದೆ ಅಂತ ಆ ರಾತ್ರಿ ಶಿವನ ಹತ್ತಿರ ಕ್ಷಮೆ ಕೇಳಲು ಕೂತೆ. ಕೇಳುತ್ತಾ ಕೇಳುತ್ತಾ ಹೊಳೆಯಿತು, ತೊಳೆದದ್ದು ನಿಜ, ಒಣಗಲು ಇಟ್ಟದ್ದೂ ನಿಜ. ಗೋಡೆಯಾಚೆ ಸುಣ್ಣ ಒಣಗುತ್ತಿತ್ತು. ಅರ್ಧ ಕ್ಷಮೆ ಕೇಳಿ ಮಲಗಿದೆ.

ನಡುವಿನ ದಿನಗಳಲ್ಲಿ ಗೋಡೆಯ ಹತ್ತಿರ ಹೋದಾಗಲೆಲ್ಲ ಅಜ್ಜಿ ಹಿಂದಿನ ಕೋಣೆಯಲ್ಲಿ ಕೂತಿರುವುದು ಕಾಣುತ್ತಿತ್ತು. ಸಣ್ಣ ಬೈರಿಗೆಯನ್ನು ಬಿಲ್ಲಿನ ದಾರ ಎಳೆದು ತಿರುಗಿಸುತ್ತಾ, ತುದಿಗೆ ಒಂದೊಂದೇ ಹನಿ ನೀರು ಬಿಡುತ್ತಾ. ಎಳ್ಳಿನಷ್ಟು ಸಣ್ಣ ನಾಲ್ಕು ತೂತು. ಈಚೆ ಹೂವಿನ ಮೈಗೆ ಬರದ ಹಾಗೆ, ಅರ್ಧಕ್ಕೇ ನಿಲ್ಲಿಸಿದ ತೂತು. ಮಾತಾಡಿಸಿದರೆ ತಲೆ ಎತ್ತುತ್ತಿರಲಿಲ್ಲ. ಅಷ್ಟು ಮಾತಿನ ಅಜ್ಜಿ ಕೆಲಸಕ್ಕೆ ಕೂತರೆ ಮೂಕಿ.

ಭಾನುವಾರ ಬೆಳಿಗ್ಗೆ ಬಟ್ಟೆಯಲ್ಲಿ ಸುತ್ತಿ ಗೋಡೆಯ ಮೇಲಿಟ್ಟಳು. ಬಿಚ್ಚಿ ನೋಡಿದೆ. ಬಿರುಕು ಹೂವಿನ ಕಡ್ಡಿಯ ಗುಂಟವೇ ಹೋಗಿತ್ತು. ಗೊತ್ತಿದ್ದವರು ಹುಡುಕಿದರೆ ಮಾತ್ರ ಕಾಣುವ ಬಿಳಿಯ ಗೆರೆ. ಹಿಂದೆ ಎರಡು ಸಣ್ಣ ಬೆಳ್ಳಿಯ ಕೊಂಡಿ. ನನಗೆ ಕುಣಿಯುವಷ್ಟು ಸಂತೋಷ. ಅಜ್ಜಿ ಬೆರಳು ಚಾಚಿ ಅಂಚಿಗೆ ಮೀಟಿದಳು.

ಟಪ್.

ಗಂಟೆಯ ದನಿ ಹೋಗಿತ್ತು.

"ಆ ದನಿ ತಿರುಗಿ ಹಾಕಾಕ ನನಗ ಬರಲ್ಲ ತಂಗಿ. ಬೆಸುಗಿ ನಂದು. ಮಾತು ನೀನೇ ಆಡಬೇಕು. ಅಕಿ ಮೀಟೂದರೊಳಗ ಹೇಳಿಬಿಡು. ಮೀಟಿದ ಮ್ಯಾಲೆ ಹೇಳಿದ್ರ ಅದು ಸಿಕ್ಕಿಬಿದ್ದ ಮಾತು ಆಕ್ಕತಿ."

ಮಧ್ಯಾಹ್ನದ ತನಕ ನನ್ನ ನಾಲಿಗೆ ಏಳಲಿಲ್ಲ. ಊಟ ಆಯಿತು, ಉಂಡ ಜಾಗಕ್ಕೆ ಸಗಣಿಯ ಗೋಮೆ ಹಚ್ಚಿದ್ದಾಯಿತು. ನಾದಿನಿ ನಾಳೆ ಉಡುವ ಸೀರೆಯನ್ನು ಮಡಚುವುದು ಬಿಚ್ಚುವುದು ಮಾಡುತ್ತಿದ್ದಳು. ಅತ್ತೆ ಹಿತ್ತಲ ಬಾಗಿಲಲ್ಲಿ ಕೂತು, "ಹೂವಿಂದು ತಾರವ್ವ, ಒಂದ್ಸಲ ನೋಡೂಣು," ಅಂದರು. ತಂದು ಅವರ ಮುಂದಿಟ್ಟೆ. ಅವರ ಕೈ ಏಳುತ್ತಿದ್ದ ಹಾಗೇ ಕಾಲ ಮೇಲೆ ಬಿದ್ದೆ.

"ಅತ್ತೆ, ಅದು ನನ್ನ ಕೈಲಿ ಒಡೆಯಿತು."

ಬಸಿ ಅಂದದ್ದು, ಬಸಿದದ್ದು, ಎಲ್ಲ ಹೇಳಿದೆ. ತಡವರಿಸುತ್ತಾ, ಹಿಂದುಮುಂದಾಗಿ. ಅವರು ಅಂಚಿಗೆ ಮೀಟಿದರು. ಟಪ್ ಅಂತು. ಇನ್ನೊಮ್ಮೆ, ಬೇರೆ ಕಡೆ ಮೀಟಿದರು. ಅದೇ ಸದ್ದು. ನಾದಿನಿಯ ಕೈಯಿಂದ ಸೀರೆ ಜಾರಿತು.

"ಅವ್ವಾ, ಎಲ್ಲರ ಸಕ್ಕರೀನೂ ಇದರಾಗ ಆತು. ನನ್ನ ಸಕ್ಕರೀಗಿ ಮಾತ್ರ..." ಅಂದು ಅಲ್ಲಿಗೇ ನಿಲ್ಲಿಸಿದಳು.

"ಒಡದದ್ದು ಶುಭಕ್ಕ ನಡಿಯಂಗಿಲ್ಲ," ಅಂದರು ಅತ್ತೆ. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಹಗುರ ಆಗುತ್ತಿತ್ತು. "ಹಿತ್ತಾಳಿ ತಟ್ಟಿ ತಗೀರಿ. ಸೊಸಿ ಬಂದು ತಿಂಗಳಾಗಿಲ್ಲ, ಅಷ್ಟರಾಗ..."

ಆ ಮಾತಿನ ಬಾಲ ನನಗೆ ಗೊತ್ತಿತ್ತು. ಕಣ್ಣು ಮುಚ್ಚಿಕೊಂಡೆ.

"ಸಾವುಕಾರ್ತಿ, ಒಂದು ಮಾತು."

ಗೋಡೆಯಾಚೆಯಿಂದ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಅಜ್ಜಿ, ಇದು ಮನಿ ಮಾತು. ನೀವು ನಡುವ ಬರಬ್ಯಾಡ್ರಿ."

"ಬರಲ್ಲವ್ವ. ಗ್ವಾಡಿ ಈಚೆಗೇ ನಿಲ್ತೀನಿ. ನಿನ್ನ ಕೊರಳಾಗಿನ ತಾಳಿ ಗುಂಡು ಯಾರು ಮಾಡಿದ್ದು?"

"ನಿಮ್ಮ ಯಜಮಾನ್ರು."

"ಅದರ ಕುಣಿಕಿ ಎರಡು ಸಲ ಹರದಿತ್ತು. ಬೆಸುಗಿ ಹಾಕಿದ್ದು ಯಾರು?"

ಅತ್ತೆ ಗೋಡೆಯ ಕಡೆ ತಿರುಗಿದರು.

"ನಾನು. ಹರದೈತಿ ಅಂತ ತಾಳಿ ತಗದು ಮೂಲ್ಯಾಗ ಇಟ್ಟಿದ್ಯೇನು? ಅದು ಹೋಗಲಿ. ನಿನ್ನ ಲಿಂಗದ ಕರಡಿಗಿ. ಮುಚ್ಚಳ ಬಿಟ್ಟುಹೋಗಿ, ಅಳಕೊಂತ ನನ್ನ ಹಂತೇಕ ಬಂದಿದ್ದಿ. ಅದಕ್ಕ ಮೂರು ಬೆಸುಗಿ. ದಿನಾ ಅದನ್ನ ತಗದು ಪೂಜಿ ಮಾಡ್ತೀದಿ. ಶಿವನೇ ನನ್ನ ಬೆಸುಗೀ ಮನ್ಯಾಗ ಕುಂತಾನ. ನಿಮ್ಮ ಸಕ್ಕರಿ ಅವನಗಿಂತ ದೊಡ್ಡದೇನವ್ವ?"

ಅತ್ತೆಯ ಕೈ ತಾನಾಗಿಯೇ ಕೊರಳಿಗೆ ಹೋಯಿತು. ಸೆರಗಿನೊಳಗೆ ಎದೆಯ ಮೇಲಿದ್ದ ಬೆಳ್ಳಿಯ ಕರಡಿಗೆಯನ್ನು ಹಿಡಿದುಕೊಂಡು ಹಾಗೇ ಕೂತರು. ಆಮೇಲೆ ಅವರ ತುಟಿ ಅಲುಗಿತು. ಜಪ ಅಂದುಕೊಂಡೆ.

"ಬೆಂದ ಮ್ಯಾಲೆ ಬಸಿ..." ಅಂತ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. "ಬೆಂದ ಮ್ಯಾಲೆ ಬಸಿ, ಹೂವಿಂದು... ಹಂಗೇ ಅಂದಿದ್ದೆ ನಾನು. ಹೌದಲ್ಲ, ಹಂಗೇ ಅಂದಿದ್ದೆ."

ನಗು ಮೊದಲು ಬಂದದ್ದು ನಾದಿನಿಗೆ. ಬಾಯಿಗೆ ಸೆರಗು ತುರುಕಿಕೊಂಡಳು. ಆಮೇಲೆ ಅತ್ತೆಗೆ. ಗೋಡೆಯಾಚೆ ಅಜ್ಜಿ ಸರಿಯೇ ಸರಿ. ನಾನೊಬ್ಬಳು ಮಾತ್ರ ಅವರ ಕಾಲ ಹತ್ತಿರ ಕೂತು ಅಳುತ್ತಿದ್ದೆ, ನಗಲು ಬರಲಿಲ್ಲ. ಅತ್ತೆ ನನ್ನ ತಲೆಯ ಮೇಲೆ ಕೈ ಇಟ್ಟು, "ಏಳು, ಸಕ್ಕರಿ ಜರಡಿ ಹಿಡಿ," ಅಂದರು. ಎದೆಯ ಮೇಲಿನ ಬಂಡೆ ಇಳಿದದ್ದು ಆಗ.

ಸೋಮವಾರ ಶಿರಾಳಕೊಪ್ಪದವರು ಬೆಳಗಿನ ಬಸ್ಸಿಗೆ ಬಂದರು. ಹೂವಿನ ಬಸಿಯಲ್ಲಿ ಗೋಪುರದ ಹಾಗೆ ಸಕ್ಕರೆ. ಹಿರಿಯರು ಒಬ್ಬರ ಬಾಯಿಗೊಬ್ಬರು ಹಾಕಿದರು. ಮಾತು ಗಟ್ಟಿಯಾಯಿತು. ಸಕ್ಕರೆ ಹಂಚಿ ಮುಗಿದ ಮೇಲೆ ಗಂಡಿನ ತಾಯಿ ಬಸಿಯನ್ನು ಕೈಗೆತ್ತಿಕೊಂಡು ಹೂ ನೋಡಿ, ತಿರುಗಿಸಿ ಹಿಂದೆಯೂ ನೋಡಿದರು.

"ಇದೇನ್ರೀ, ಬೆಳ್ಳಿ ಹಾಕಿಸೀರಿ?"

"ಹೂಂನ್ರಿ," ಅಂದರು ಅತ್ತೆ, ನನ್ನ ಕಡೆ ನೋಡದೆ. "ಮೊದಲು ಬರೇ ಪಿಂಗಾಣಿ ಇತ್ತು. ನಮ್ಮ ಸೊಸಿ ಬಂದ ಮ್ಯಾಲೆ ಬೆಳ್ಳಿ ಬಂತು."

ಗಂಡಿನ ತಾಯಿ ನನ್ನನ್ನು ಕರೆದು, "ಒಳ್ಳೆ ಕಾಲ್ಗುಣ ನೋಡ್ರಿ," ಅಂದರು. ಹಿಂದೆ ಹೆಂಗಸರ ನಡುವೆ ಕೂತಿದ್ದ ಪತ್ತಾರಜ್ಜಿಗೆ ಕೆಮ್ಮು ಬಂತು. ಆ ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.

ಆಮೇಲಿನ ವರ್ಷ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋದೆ. ಹೊರಡುವ ದಿನ ಅಜ್ಜಿ ಗೋಡೆಯ ಮೇಲಿಂದ ಬಗ್ಗಿ, "ಹೆಣ್ಣಾದ್ರ ಗೆಜ್ಜಿ ನಂದು. ಒಂದು ಎಳಿ ಹೆಚ್ಚಿಗೇ ಇಡ್ತೀನಿ, ಬೇಕಾಗ್ತೈತಿ," ಅಂದಿದ್ದಳು. ಐದು ತಿಂಗಳಿಗೆ ಮಗಳನ್ನು ಎತ್ತಿಕೊಂಡು ಬಂದು, ಬಟ್ಟೆಯ ಗಂಟನ್ನೂ ಇಳಿಸದೆ ಹಿತ್ತಲಿಗೆ ಓಡಿದೆ. ಗೋಡೆಯಾಚೆ ಬಾಗಿಲು ಹಾಕಿತ್ತು. ಎರಡು ದಿನದ ಜ್ವರದಲ್ಲಿ ಅಜ್ಜಿ ತೀರಿಕೊಂಡಿದ್ದಳಂತೆ. ಸೊರಬದ ತನಕ ಸುದ್ದಿ ಕಳಿಸಿ ಬಾಣಂತಿಯ ಮನಸ್ಸು ಕೆಡಿಸುವುದು ಬೇಡ ಅಂತ ಅತ್ತೆ ಸುಮ್ಮನಿದ್ದರು. ಅವರ ಮೇಲೆ ಸಿಟ್ಟು ಬರಲಿಲ್ಲ. ಆದರೆ ಮಗುವನ್ನು ಅಜ್ಜಿಗೆ ತೋರಿಸಲಿಲ್ಲವಲ್ಲ ಅನ್ನುವುದು ಇವತ್ತಿಗೂ ಒಳಗೆ ಚುಚ್ಚುತ್ತದೆ... ಅಜ್ಜಿಯ ಮಗ ಮನೆ ಮಾರಿ ದಾವಣಗೆರೆಗೆ ಹೋದ. ಕೊಂಡವರು ಮೋಟು ಗೋಡೆಯನ್ನು ತಲೆಯೆತ್ತರ ಏರಿಸಿದರು.

ನಾದಿನಿ ಶಿರಾಳಕೊಪ್ಪದಲ್ಲಿ ತುಂಬಿದ ಮನೆಯಲ್ಲಿ ಬಾಳಿದಳು. ಅವಳಾದ ಮೇಲೆ ನನ್ನ ಇಬ್ಬರು ಹೆಣ್ಣುಮಕ್ಕಳ ಸಕ್ಕರೆಯೂ ಅದೇ ಬಸಿಯಲ್ಲಿ ಆಯಿತು. ಇಬ್ಬರೂ ಚೆನ್ನಾಗಿದ್ದಾರೆ, ದೇವರು ಇಟ್ಟಿದ್ದಾನೆ. ಅತ್ತೆ ಹೋಗುವ ಮುಂಚೆ ಅದನ್ನು ನನ್ನ ಕೈಗೇ ಕೊಟ್ಟರು. ಕೊಡುವಾಗ, "ಬಸೀಬ್ಯಾಡ ಮತ್ತ," ಅಂದರು. ಅವರು ನನ್ನನ್ನು ರೇಗಿಸಿದ್ದು ಅದೇ ಕೊನೆ.

ಮೊನ್ನೆ ಗಂಜಿ ಬಸಿದು, ಕೈಯ ನಡುಕ ನಿಂತ ಮೇಲೆ, ಕಪಾಟಿನಿಂದ ಅದನ್ನು ಇಳಿಸಿದೆ. ಸೊಸೆ ಒರೆಸಿಕೊಟ್ಟಳು.

"ಇದಕ್ಕೆ ಏನಂತಾರೆ ಅತ್ತೆ, ಬೌಲಾ?"

"ಬಸಿ," ಅಂದೆ.

"ಬಸಿ ಅಂದ್ರೆ ಈಗ ನೀವು ಗಂಜಿಗೆ ಮಾಡಿದ್ರಲ್ಲ, ಅದಲ್ವಾ?"

ನನಗೆ ನಗು ಬಂತು. ಅವತ್ತು ಬಾರದ ನಗು. ಕೂತುಕೊಂಡು ಕಣ್ಣು ಒರೆಸಿಕೊಳ್ಳುತ್ತಾ ನಕ್ಕೆ. ಸೊಸೆ ಗಾಬರಿಯಾಗಿ ನೀರು ತಂದಳು.

ಬಸಿಯನ್ನು ತಿರುಗಿಸಿ ನೋಡಿದೆ. ಬೆಳ್ಳಿ ಕಪ್ಪಾಗಿದೆ. ಹುಣಸೆ ಹಚ್ಚಿ ತಿಕ್ಕಿದರೆ ಬೆಳ್ಳಗಾದೀತು. ಸುಣ್ಣದ ಗೆರೆಯ ಮೇಲೆ ಉಗುರು ಎಳೆದೆ. ಒಂದು ಚೂರೂ ಉದುರಲಿಲ್ಲ. ನಮ್ಮ ಆಕಳ ಹಾಲು, ನನ್ನ ಗೆಜ್ಜೆಯ ಎಳೆ, ಅಜ್ಜಿಯ ಕೈ, ಎಲ್ಲ ಹಾಗೇ ಹಿಡಿದುಕೊಂಡಿವೆ. ಗಟ್ಟಿಯಾಗಿದೆ ಅಜ್ಜಿ ಅಂತ ಹೇಳಬೇಕು ಅನಿಸಿತು. ಹಿತ್ತಲ ಬಾಗಿಲ ತನಕ ಹೋದೆ ಕೂಡ. ತಲೆಯೆತ್ತರದ ಗೋಡೆ, ಆಚೆ ಯಾರದೋ ಮನೆಯ ಮಿಕ್ಸಿಯ ಸದ್ದು. ಅಲ್ಲೇ ನಿಂತು ಅಂಚಿಗೆ ಒಮ್ಮೆ ಮೀಟಿದೆ.

ಟಪ್ ಅಂತು. ಒಳಗೆ ಬಂದು, ಹುಣಸೆ ನೆನೆಹಾಕಿದೆ.